ವಸಿ ಮೂಸ್ಬುಡು

ನಮ್ಮಪ್ಪನ ಮೂಗಿಗೆ ಒಂದು ಕಾಲದಲ್ಲಿ ನಮ್ಮೂರು ಬೋಗಾದಿಯಲ್ಲಿ ಒಳ್ಳೆಯ ಹೆಸರಿತ್ತು. ಹಲಸು ಹಣ್ಣಾಗಿದೆಯೋ ಇಲ್ಲವೋ ಎಂದು ಮರದ ಕೆಳಗೆ ನಿಂತೇ ಹೇಳುತ್ತಿದ್ದ. ರಾಗಿಗೆ ಮುಗ್ಗು ಹಿಡಿದಿದ್ದರೆ ಚೀಲದ ಬಾಯಿ ಬಿಚ್ಚುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಅಕ್ಕಪಕ್ಕದ ಹೆಂಗಸರು ಬೆಣ್ಣೆ ಕಾಯಿಸಿದ ತುಪ್ಪ ತಂದು, ಕೆಟ್ಟಿದೆಯೇ ನೋಡಿ ಎಂದು ಅವನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಆ ಮೂಗು ನನಗೂ ಬಂದಿದೆ ಎಂದು ಅವ್ವ ಹೇಳುತ್ತಿದ್ದಳು. ಅಪ್ಪನಿಗೆ ವಾಸನೆ, ನನಗೆ ಕೋಪ, ಎರಡೂ ಮೂಗಿನ ತುದಿಯಲ್ಲೇ ಎಂದು ನೆಂಟರು ಗೇಲಿ ಮಾಡುತ್ತಿದ್ದರು.

ಹೊಲಗಳು ಸೈಟುಗಳಾದವು. ಊರು ಬಡಾವಣೆಗಳ ಹೊಟ್ಟೆಗೆ ಹೋಯಿತು. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪ ಆಟೋ ಕೊಂಡು ದೊಡ್ಡಾಸ್ಪತ್ರೆಯ ಹತ್ತಿರದ ಸ್ಟ್ಯಾಂಡಿನಲ್ಲಿ ನಿಲ್ಲಿಸತೊಡಗಿದ. ಆಗಿನ ಆಟೋಗಳು ಓಡುವುದಕ್ಕಿಂತ ಹೊಗೆ ಬಿಡುವುದೇ ಹೆಚ್ಚು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವುದು ಸ್ಟ್ಯಾಂಡಿನಲ್ಲಿ ಗುಟ್ಟಿನ ಮಾತೇನಲ್ಲ. ಹೊಗೆ ತಪಾಸಣೆಗೆ ಹೋಗುವ ದಿನ ಮಾತ್ರ ಶುದ್ಧ ಪೆಟ್ರೋಲು ಹಾಕಿಸುತ್ತಿದ್ದರು. ಮಾರನೆಯ ದಿನದಿಂದ ಮತ್ತೆ ಅದೇ ನೀಲಿ ಹೊಗೆ. ಸ್ಟ್ಯಾಂಡಿನಲ್ಲಿ ಒಂದರ ಹಿಂದೆ ಒಂದು ಆಟೋ. ಮುಂದಿನ ಗಾಡಿಯ ಹೊಗೆ ಹಿಂದಿನವನಿಗೆ. ಹೀಗೆ ವರ್ಷಗಟ್ಟಲೆ. ಸಂಜೆ ಮನೆಗೆ ಬಂದು ಅಪ್ಪ ಬಚ್ಚಲಲ್ಲಿ ಮೂಗು ಸೀಟಿದರೆ ಕರಿ ಬೀಳುತ್ತಿತ್ತು. ಅವನ ಖಾಕಿ ಅಂಗಿಯನ್ನು ಅವ್ವ ಬೇರೆಯಾಗಿಯೇ ಒಗೆಯುತ್ತಿದ್ದಳು. ನಮ್ಮ ಬಟ್ಟೆಯ ಜೊತೆ ನೆನೆಹಾಕಿದರೆ ಎಲ್ಲವೂ ಸೀಮೆಎಣ್ಣೆ ನಾರುತ್ತಿದ್ದವು.

ಆಟೋಗಳೆಲ್ಲ ಗ್ಯಾಸಿಗೆ ಬದಲಾಗಬೇಕು ಎಂಬ ಮಾತು ಬಂದದ್ದು ಎರಡು ಸಾವಿರದ ಇಸವಿಯ ಈಚೆಗೆ. ಸ್ಟ್ಯಾಂಡಿನವರೆಲ್ಲ ಗೊಣಗಿದರು, ಅಪ್ಪನೂ ಗೊಣಗಿದ. ನನಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು. ಹೊಗೆಗಾಡಿಯ ಮಗಳು ಎಂದು ಶಾಲೆಯಲ್ಲಿ ಅನ್ನಿಸಿಕೊಂಡವಳು ನಾನು. ಸೀಟಿನ ಹಿಂದೆ ಟ್ಯಾಂಕು ಕೂರಿಸಿಕೊಂಡು ಆಟೋ ಬಂದ ದಿನ ಹಿಂದೆ ಹೋಗಿ ನೋಡಿದೆ. ಹೊಗೆಯೇ ಇಲ್ಲ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಕಣ್ಣಿಗೆ ಕಾಣುವುದಕ್ಕೆ ಹೆದರುವುದಷ್ಟೇ ನಮಗೆ ಗೊತ್ತಿತ್ತು.

ಗ್ಯಾಸು ಹಾಕುವ ಬಂಕುಗಳು ಊರಿನಲ್ಲಿ ಆಗ ಬೆರಳೆಣಿಕೆಯಷ್ಟು. ಅಲ್ಲಿ ಸಾಲು ನಿಂತರೆ ಅರ್ಧ ದಿನದ ಬಾಡಿಗೆ ಹೋದಂತೆ. ಹೀಗಾಗಿ ನಮ್ಮ ಕಡೆಯ ಒಂದು ಶೆಡ್ಡಿನಲ್ಲಿ ಅಡುಗೆಮನೆಯ ಸಿಲಿಂಡರು ಬೋರಲು ಹಾಕಿ, ಪೈಪು ಸಿಕ್ಕಿಸಿ ಆಟೋಗಳಿಗೆ ತುಂಬುವ ಕೆಲಸ ಶುರುವಾಯಿತು. ಅವಸರವಿದ್ದಾಗ ಅಪ್ಪನೂ ಅಲ್ಲಿಗೇ ಹೋಗುತ್ತಿದ್ದ. ಆ ಶೆಡ್ಡಿನ ಮುಂದೆ ಹಾದುಹೋಗುವಾಗಲೆಲ್ಲ ಕೊಳೆತ ಕೋಸಿನಂಥ ಗ್ಯಾಸಿನ ನಾತಕ್ಕೆ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅಪ್ಪ ಅಲ್ಲೇ ಪಕ್ಕದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಅವನಿಗೆ ಎಷ್ಟು ಧೈರ್ಯ ಎಂದು ನನಗೆ ಕೋಪವೂ ಬರುತ್ತಿತ್ತು, ಆಶ್ಚರ್ಯವೂ ಆಗುತ್ತಿತ್ತು.

ಆ ಸಲದ ಆಯುಧಪೂಜೆಯ ಬೆಳಿಗ್ಗೆ ಶೆಡ್ಡಿನಲ್ಲಿ ಗ್ಯಾಸು ತುಂಬಿಸಿಕೊಂಡು ಬಂದು ಆಟೋ ತೊಳೆದ. ಬಾಳೆಕಂದು, ಮಾವಿನ ಸೊಪ್ಪು, ಮಾರುಗಟ್ಟಲೆ ಸೇವಂತಿಗೆ. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ ಹೂವಿನಲ್ಲಿ ಆಟೋವೇ ಮುಚ್ಚಿಹೋಗಿತ್ತು. ಒಳಗೆ ದೇವರ ಕೋಣೆಯಲ್ಲಿ ಅವ್ವ ಸಾಂಬ್ರಾಣಿ ಹಾಕಿದ್ದಳು, ಆ ಪರಿಮಳ ನಡುಮನೆ ದಾಟಿ ಜಗಲಿಯವರೆಗೂ ತುಂಬಿತ್ತು. ನಾನು ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದೆ. ಅಪ್ಪ ಬೂದುಗುಂಬಳದ ಮೇಲೆ ಕರ್ಪೂರ ಇಟ್ಟುಕೊಂಡು ಆಟೋದ ಮುಂದೆ ನಿಂತಿದ್ದ. ಕೈಯಲ್ಲಿ ಬೆಂಕಿಪೊಟ್ಟಣವಿತ್ತು.

ಅಂಗಳಕ್ಕೆ ಕಾಲಿಟ್ಟೊಡನೆ ಕೋಸಿನ ನಾತ ಮೂಗಿಗೆ ರಾಚಿತು. ತಟ್ಟೆ ಎಲ್ಲಿ ಬಿತ್ತೋ ತಿಳಿಯದು, ಅಪ್ಪನ ಕೈಗೆ ಹೊಡೆದು ಬೆಂಕಿಪೊಟ್ಟಣ ಕಿತ್ತುಕೊಂಡೆ. ಕುಂಬಳಕಾಯಿ ಉರುಳಿ ಎರಡು ಹೋಳಾಯಿತು. ಕರ್ಪೂರ ಹಚ್ಚುವ ಮೊದಲೇ ಕಾಯಿ ಒಡೆದದ್ದು ನೋಡಿ ಅವ್ವ ಬಾಗಿಲಿಂದ ಅಂಗಳಕ್ಕೆ ಓಡಿ ಬಂದಳು. ಹಬ್ಬದ ದಿನ ಇದೆಂಥ ಅಪಶಕುನ ಎಂದು ಬೈದಳು. ಗ್ಯಾಸು ಎಂದೆ. ಅವಳ ಮೂಗಿಗೂ ಆಗ ಬಡಿಯಿತು, ಸೆರಗು ಮುಚ್ಚಿಕೊಂಡಳು. ಅಪ್ಪ ಮಾತ್ರ ನಮ್ಮಿಬ್ಬರ ಮುಖವನ್ನು ಪೆಚ್ಚಾಗಿ ನೋಡುತ್ತ ನಿಂತಿದ್ದ.

ಬೀದಿಯವರೆಲ್ಲ ಸೇರಿ ಆಟೋವನ್ನು ಪಕ್ಕದ ಖಾಲಿ ಸೈಟಿಗೆ ತಳ್ಳಿದೆವು. ಟ್ಯಾಂಕಿನ ಪೈಪಿನ ಬಿರಡೆ ಸಡಿಲವಾಗಿತ್ತು. ಗ್ಯಾಸು ಮೇಲೆ ಹೋಗುವುದಿಲ್ಲ, ನೆಲಕ್ಕಿಳಿದು ಕೂರುತ್ತದೆ ಎಂದು ಸರಿಮಾಡಲು ಬಂದ ಮೆಕ್ಯಾನಿಕ್ಕು ಹೇಳಿದ. ಅಂದರೆ ಅಪ್ಪ ಪಾದ ಮುಳುಗುವಷ್ಟು ಗ್ಯಾಸಿನಲ್ಲಿ ನಿಂತು ಬೆಂಕಿ ಗೀರುವುದರಲ್ಲಿದ್ದ.

ಎಲ್ಲರೂ ಹೋದ ಮೇಲೆ ಅಪ್ಪ ಬಂದು ಜಗಲಿಯ ಮೇಲೆ ಕೂತ. ಸಾಂಬ್ರಾಣಿ ಇನ್ನೂ ಘಮಘಮ ಎನ್ನುತ್ತಿತ್ತು.

"ಪೂಜೆ ನಿಂತೋಯ್ತಲ್ಲ" ಎಂದ. "ಇನ್ನಾದ್ರೂ ಸಾಂಬ್ರಾಣಿ ಆಕು ಓಗು."

ಅವ್ವ ಒಳಗೆ ಹೋಗಿ ಕರಿಬೇವಿನ ಎಸಳು ತಂದು, ಬೆರಳಲ್ಲಿ ಹೊಸಕಿ ಅವನ ಮೂಗಿಗೆ ಹಿಡಿದಳು. ಅವನು ಉಸಿರೆಳೆದ, ಇಲ್ಲವೆಂದು ತಲೆಯಾಡಿಸಿದ. ಎಷ್ಟು ದಿನದಿಂದ ಎಂದು ಕೇಳಿದಳು. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲು ಹೂವಿನ ವಾಸನೆ ಹೋಯಿತಂತೆ, ಆಮೇಲೆ ಸಾರಿನದು, ಕೊನೆಗೆ ಸೀಮೆಎಣ್ಣೆಯದು. ಸೀಮೆಎಣ್ಣೆಯ ನಾತ ಹೋದಾಗ ಅಭ್ಯಾಸವಾಯಿತೆಂದು ಖುಷಿಪಟ್ಟಿದ್ದನಂತೆ. ಇಷ್ಟು ವರ್ಷ ಒಗ್ಗರಣೆಯ ಚಟಪಟ ಕೇಳಿಸಿಕೊಂಡೇ ಗಮ್ಮಂತದೆ ಎನ್ನುತ್ತಿದ್ದ. ನನಗೆ ಅಳು ಬಂತು. ಅವನ ಮುಂದೆ ಅಳಬಾರದೆಂದು ಹಿತ್ತಲಿಗೆ ಹೋದೆ.

ಆಟೋ ಬಿಡು ಎಂದರೆ ಹೊಟ್ಟೆಗೇನು ಮಾಡೋಣ ಎಂದ. ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದ, ಬಂಕಿನ ಸಾಲಿನಲ್ಲಿ ನಿಲ್ಲತೊಡಗಿದ. ಆದರೂ ಅವನಿಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ನನ್ನನ್ನು ಕರೆಯುತ್ತಿದ್ದ.

"ಬಾರವ್ವ, ವಸಿ ಮೂಸ್ಬುಡು."

ಮೂಸುವುದಕ್ಕೆ ನಾನೇನು ನಾಯಿಯೇ ಎಂದು ಸಿಡುಕುತ್ತಲೇ ಅಂಗಳಕ್ಕಿಳಿದು, ಸೀಟಿನ ಕೆಳಗೆ, ಟ್ಯಾಂಕಿನ ಬುಡದಲ್ಲಿ, ನೆಲದ ಮಟ್ಟಕ್ಕೆ ಬಗ್ಗಿ ಮೂಸುತ್ತಿದ್ದೆ. ಇಲ್ಲ ಎಂದರೆ ಮಾತ್ರ ಅವನು ಸ್ಟಾರ್ಟು ಮಾಡುವ ಲಿವರಿಗೆ ಕೈ ಹಾಕುವುದು. ಆಮೇಲಾಮೇಲೆ ಅದೇ ನಮ್ಮ ಮನೆಯ ಬೆಳಗಿನ ಮಾತಾಯಿತು. ಕಾಫಿ ಆಯಿತೇ ಎಂದು ಕೇಳುವ ಮೊದಲು ಮೂಸಿದ್ಯಾ ಎಂದು ಅವ್ವ ಕೇಳುತ್ತಿದ್ದಳು.

ನನಗೆ ಕೆಲಸ ಸಿಕ್ಕಿತು. ಸ್ಕೂಟರು ಕೊಂಡು ದಿನವೂ ಬೋಗಾದಿಯಿಂದ ರಾಜೀವನಗರಕ್ಕೆ, ಊರಿನ ಈ ತುದಿಯಿಂದ ಆ ತುದಿಗೆ. ಆಟೋಗಳ ಹೊಗೆ ಹೋಗಿತ್ತು ನಿಜ, ಆದರೆ ಅವುಗಳ ಸುತ್ತ ಬೈಕು, ಕಾರು, ಜಲ್ಲಿ ಹೊತ್ತ ಲಾರಿಗಳು ದಿನದಿಂದ ದಿನಕ್ಕೆ ಹೆಚ್ಚಿದವು. ಸಿಗ್ನಲಿನಲ್ಲಿ ಲಾರಿಯ ಹಿಂದೆ ನಿಂತರೆ ಉಸಿರು ಬಿಗಿಹಿಡಿಯುತ್ತಿದ್ದೆ. ಎಷ್ಟು ಹೊತ್ತು ಹಿಡಿಯಲು ಸಾಧ್ಯ? ಮನೆಗೆ ಬಂದು ಮುಖ ತೊಳೆದರೆ ಬಚ್ಚಲಲ್ಲಿ ಕರಿ. ಅವ್ವನಿಗೆ ಕಾಣದ ಹಾಗೆ ನೀರು ಹೊಯ್ಯುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಎಂದಿನಂತೆ ಅಪ್ಪ ಕರೆದ. ನನಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು, ಆದರೂ ಬಗ್ಗಿ ಎಲ್ಲ ಕಡೆ ಮೂಸಿದೆ. ಏನೂ ಇರಲಿಲ್ಲ. ಇಲ್ಲ ಎಂದೆ. ಅಪ್ಪ ಸೀಟಿನಲ್ಲಿ ಕೂತು ಲಿವರಿಗೆ ಕೈ ಹಾಕಿದ.

ಅವ್ವ ಅವನ ಬುತ್ತಿಡಬ್ಬಿ ಹಿಡಿದು ಬಾಗಿಲಿಂದ ಈಚೆ ಬಂದವಳು ಗಕ್ಕನೆ ನಿಂತಳು. ಸೆರಗು ಮೂಗಿಗೆ ಹೋಯಿತು.

"ಎಳೀಬ್ಯಾಡಿ" ಎಂದಳು. "ಕೈ ತಗೀರಿ. ಗ್ಯಾಸು."

ಅಪ್ಪ ಕೈ ತೆಗೆದ. ಮೆಲ್ಲಗೆ ಕೆಳಗಿಳಿದು ಅವಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನೆಗಡಿ ಆಗದೇನವ್ವ?" ಎಂದ.

ಹೌದೆಂದು ತಲೆಯಾಡಿಸಿದೆ. ನನಗೆ ನೆಗಡಿ ಆಗಿರಲಿಲ್ಲ.