ಕೊನೆಯ ಚರಣಕ್ಕೆ ಕತ್ತರಿ

ಕೊಚ್ಚಿಯ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನನ್ನ ಕೆಲಸ ಬೇರೆಯವರು ಬರೆದದ್ದನ್ನು ಚಿಕ್ಕದು ಮಾಡುವುದು. ವಾಸ ತ್ರಿಪ್ಪುಣಿತ್ತುರದ ಬಾಡಿಗೆ ಮನೆಯಲ್ಲಿ. ಹೆಂಡತಿ ತಿರುವನಂತಪುರದಲ್ಲಿ ಉಪಗ್ರಹಗಳ ಪಥದ ಲೆಕ್ಕ ಹಾಕುತ್ತಾಳೆ. ಇಂಗ್ಲಿಷ್ ಸಾಹಿತ್ಯ ಓದುತ್ತಿರುವ ಮಗಳೂ ಅವಳ ಜೊತೆ ಅಲ್ಲೇ ಉಳ್ಳೂರಿನಲ್ಲಿದ್ದಾಳೆ. ರಜೆಗೆ ನಾನು ರೈಲು ಹಿಡಿಯುತ್ತೇನೆ.

ಆ ಶನಿವಾರ ಹೋದಾಗ ಮಗಳು ಮುಖ ಊದಿಸಿಕೊಂಡಿದ್ದಳು. ರೊಮ್ಯಾಂಟಿಕ್ ಕಾಲದ ಒಂದು ಲಾವಣಿಯ ಮೇಲೆ ಬರೆದ ಸೆಮಿನಾರ್ ಪ್ರಬಂಧವನ್ನು ಟೀಚರ್ ವಾಪಸ್ ಕೊಟ್ಟಿದ್ದರು. ಕಥೆ ಹೇಳಿದ್ದೀಯ, ಭಾಷೆ ಮತ್ತು ರೂಪದ ಬಗ್ಗೆ ಒಂದು ಮಾತೂ ಇಲ್ಲ ಎಂಬುದು ಅವರ ತಕರಾರು. ಸೋಮವಾರ ಮತ್ತೆ ಮಂಡಿಸಬೇಕು. ಆಗಲೂ ಒಪ್ಪದಿದ್ದರೆ ಆ ವಿಷಯದಲ್ಲಿ ಫೇಲು.

ಲಾವಣಿಯ ಕಥೆ ಇಷ್ಟೇ. ಕುರಿ ಕಾಯುವವನೊಬ್ಬ ಬಂಡೆಯ ಮೇಲೆ ಕೂತಿದ್ದಾನೆ. ಇಲ್ಲೇಕೆ ಕೂತೆ ಎಂದು ದಾರಿಹೋಕ ಕೇಳುತ್ತಾನೆ. ಬೆಟ್ಟದೊಳಗಿನ ಮಾಯಗಾತಿ ಕರೆದದ್ದು, ತಾನು ಹಿಂದೆ ಹೋದದ್ದು, ಎಚ್ಚರವಾದಾಗ ಬಂಡೆಯ ಮೇಲಿದ್ದದ್ದು ಎಲ್ಲವನ್ನೂ ಅವನು ಹೇಳುತ್ತಾನೆ. ಕೊನೆಗೆ ಮೊದಲ ಚರಣವೇ ಮರಳಿ ಬರುತ್ತದೆ.

ಲಾವಣಿಯ ಒಂದು ನಕಲಿನ ಮೇಲೆ ನಾನು ಪೆನ್ಸಿಲ್ ಹಿಡಿದೆ. ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ನಮ್ಮ ವಾಡಿಕೆ. ಕೊನೆಯ ಚರಣ ಹೋಯಿತು. ಪ್ರತಿ ಚರಣದ ಅಂತ್ಯದಲ್ಲಿದ್ದ ಮೋಟು ಸಾಲನ್ನು ಹಿಂದಿನ ಸಾಲಿಗೆ ಸೇರಿಸಿದೆ. ಮಾಯಗಾತಿಯ ಪ್ರತಿಕ್ರಿಯೆ ಪಡೆದಿಲ್ಲ ಎಂದು ಅಂಚಿನಲ್ಲಿ ಗುರುತು ಹಾಕಿದೆ.

"ಅಪ್ಪಾ, ಇದು ಪತ್ರಂ ಅಲ್ಲಲ್ಲೋ," ಎಂದಳು ಮಗಳು. ಪತ್ರಂ ಎಂದರೆ ದಿನಪತ್ರಿಕೆ. ನಮ್ಮ ಕನ್ನಡಕ್ಕೆ ಅವಳ ಉತ್ತರ ಮಲಯಾಳಂನಲ್ಲೇ.

ಬಾಳೆಹಣ್ಣು ಸೀಳಿ ಪಳಂಪೊರಿ ಕರಿಯುತ್ತಿದ್ದ ಹೆಂಡತಿ ಒಲೆ ಆರಿಸಿ ಬಂದು, ನಾನು ತಿದ್ದಿದ ಹಾಳೆಯನ್ನು ನಿಂತೇ ಓದಿದಳು.

"ಪರವಾಗಿಲ್ಲ ಕಣ್ರೀ. ಪಾಪ, ಮನೆ ಸೇರ್ಕೊಂಡ್ನಲ್ಲ."

"ಯಾರು?"

"ಆ ಕುರಿಯವ್ನು. ಎಚ್ಚರ ಆಯ್ತು, ಎದ್ದು ಹೋದ. ಅಷ್ಟೇ ತಾನೆ?"

ಮಗಳು ಹಾಳೆ ಕಿತ್ತುಕೊಂಡಳು. ಮೂಲದಲ್ಲಿ ಅವನು ಎಲ್ಲಿಗೂ ಹೋಗಿರಲಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೂ ಅದೇ ಬಂಡೆ, ಅದೇ ಮಾತು. ಮುಂದಿನ ದಾರಿಹೋಕನಿಗೂ ಇದನ್ನೇ ಹೇಳಬೇಕು. ಅವನನ್ನು ಬಿಡಿಸಿ ಕಳಿಸಿದ್ದು ನನ್ನ ಪೆನ್ಸಿಲ್. ಮೂಲವನ್ನು ನೋಡಿದ ಹೆಂಡತಿ, ಇವನು ಇನ್ನೂ ಸುತ್ತುತ್ತಲೇ ಇದ್ದಾನೆ ಎಂದು ವೃತ್ತಿಪರ ಅಭಿಪ್ರಾಯ ಕೊಟ್ಟಳು. ಮಗಳು ಎರಡನ್ನೂ ಗಟ್ಟಿಯಾಗಿ ಓದಿದಳು. ಮೂಲದಲ್ಲಿ ಮೋಟು ಸಾಲು ಬಂದಾಗಲೆಲ್ಲ ಉಸಿರು ತಡೆಯುತ್ತಿತ್ತು. ನನ್ನದರಲ್ಲಿ ಆ ಮನುಷ್ಯ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುತ್ತಿದ್ದಂತಿತ್ತು. ಅವಳು ಬರೆಯಲು ಕೂತಳು. ಪಳಂಪೊರಿಯನ್ನು ನಾವಿಬ್ಬರೇ ತಿಂದೆವು.

ಸೋಮವಾರ ಮಗಳ ಫೋನ್ ಬಂತು. ತರಗತಿಯಲ್ಲಿ ಎರಡನ್ನೂ ಓದಿದಳಂತೆ. ನನ್ನದಕ್ಕೆ ಎಲ್ಲರೂ ನಕ್ಕರಂತೆ. ಪ್ರಬಂಧ ಪಾಸಾಗಿತ್ತು. ಇಷ್ಟು ಚೆನ್ನಾಗಿ ಹಾಳು ಮಾಡಿದ್ದು ಯಾರು ಎಂದು ಟೀಚರ್ ಕೇಳಿದಾಗ, ಅಪ್ಪ, ಪತ್ರಿಕೆಯವರು ಎಂದಳಂತೆ. ಅವರಿಗೆ ಅಷ್ಟು ವಿವರಣೆ ಸಾಕಾಯಿತಂತೆ.

ಅಂದು ಸಂಜೆ ದೋಣಿ ಬಾರದ ಬಗ್ಗೆ ವಿಲ್ಲಿಂಗ್ಡನ್ ಐಲ್ಯಾಂಡ್‌ನಿಂದ ಒಂದು ಸುದ್ದಿ ಬಂತು. ಪ್ರಯಾಣಿಕರು ಜೆಟ್ಟಿಯಲ್ಲಿ ಕಾಯುತ್ತಿದ್ದಾರೆ ಎಂದು ಶುರುವಾಗಿ, ಕೊನೆಯಲ್ಲೂ ಅದೇ ವಾಕ್ಯ ಮರಳಿ ಬಂದು ಮುಗಿದಿತ್ತು. ಆ ಕೊನೆಯ ಸಾಲನ್ನು ನಾನು ಮುಟ್ಟಲಿಲ್ಲ. ಪಾಳಿಯ ಮುಖ್ಯಸ್ಥ ಏಕೆಂದು ಕೇಳಿದ.

"ಅವರಿನ್ನೂ ಅಲ್ಲೇ ಇದ್ದಾರೆ," ಎಂದೆ.

ಅವನು ನನ್ನ ಮುಖ ನೋಡಿ, ಕೆಳಗಿನಿಂದ ಒಂದು ಸಾಲು ಕತ್ತರಿಸಿದ.