ಹೆಸರು ಬರೆಯದ ಕಟ್ಟು

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ, ಔಷಧಿಯ ರಟ್ಟಿನ ಪೆಟ್ಟಿಗೆಗಳ ನಡುವೆ, ಭಾನುವಾರ ಬೆಳಿಗ್ಗೆ ನಾವು ಮೂವರು ಕೂರುತ್ತಿದ್ದೆವು. ಅಂಗಡಿಯ ಮಾಲೀಕರು, ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಮೇಷ್ಟ್ರು, ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು ಪಾಠ ಹೇಳಿಕೊಂಡಿದ್ದ ನಾನು. ಎರಡು ಸಾವಿರ ದಾಟಿದ ಮೇಲಿನ ವರ್ಷಗಳು. ಇಸವಿ ಹೇಳಲು ಹೋದರೆ ತಪ್ಪುತ್ತೇನೆ. ಆಗಿನ ನನ್ನ ಡೈರಿಯಲ್ಲಿ ಓದಿದ ಪುಸ್ತಕಗಳ ಬಗ್ಗೆ ಪುಟಗಟ್ಟಲೆ ಇದೆ, ಜನರ ಬಗ್ಗೆ ಹೆಚ್ಚೇನೂ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ನೆನಪಿನಿಂದ, ನೆನಪನ್ನು ಎಷ್ಟು ನಂಬಬಹುದೋ ಅಷ್ಟರ ಮಟ್ಟಿಗೆ.

ನಮ್ಮಲ್ಲಿ ಒಂದು ರೂಢಿ ಇತ್ತು. ಬಂದವರು ಕೂರುವ ಮೊದಲು "ಈಗ ಎಂತ ಓದ್ತಾ ಇದೀರಿ?" ಎಂಬುದಕ್ಕೆ ಉತ್ತರ ಕೊಡಬೇಕು. ಏನೂ ಓದುತ್ತಿಲ್ಲವಾದರೆ ಹಾಗೆಂದೇ ಒಪ್ಪಿಕೊಂಡು ಕಾಫಿ ತರಿಸಬೇಕು. ಪುಸ್ತಕ ಚೆನ್ನಾಗಿದೆ ಎಂದರೆ ಸಾಲದು. ಯಾರಿಗೆ ಹಿಡಿಸೀತು ಎಂದೂ ಹೇಳಬೇಕು. ಕೊನೆಗೆ ಏನಾಗುತ್ತದೆಂದು ಮಾತ್ರ ಬಾಯಿಬಿಡುವ ಹಾಗಿಲ್ಲ.

"ಇದು ನಿಮಗಲ್ಲ ಮಾರಾಯ್ರೆ, ನಿಮಗೆ ಮೂರನೇ ಪುಟಕ್ಕೇ ನಿದ್ದೆ ಬರ್ತದೆ," ಎಂದು ಮೇಷ್ಟ್ರು ಅಂಗಡಿಯವರನ್ನು ಕೆಣಕುವರು.

"ಅದಕ್ಕೇ ನನ್ನಂಗಡೀಲಿ ನಿದ್ದೆ ಮಾತ್ರೆ ಖರ್ಚಾಗದ್ದು. ನೀವು ಊರಿಗೆಲ್ಲ ಪುಸ್ತಕ ಹಂಚಿ ಆಗಿದೆಯಲ್ಲ!"

ನಾಲ್ಕನೆಯ ಓದುಗಾರ್ತಿ ನೆಮ್ಮಾರಿನ ಕಡೆಯ ಒಬ್ಬ ಗೃಹಿಣಿ. ಮಾವನ ಬಿ.ಪಿ. ಮಾತ್ರೆಗೆಂದು ಅಂಗಡಿಗೆ ಬಂದಿದ್ದಾಗ ಗಲ್ಲಾದ ಮೇಲೆ ಮಗುಚಿಟ್ಟಿದ್ದ ಕಾದಂಬರಿಯನ್ನು ನೋಡಿ, "ಅಣ್ಣ, ನಿಮ್ಮದಾದ ಮೇಲೆ ನಂಗೆ ಕೊಡ್ತೀರಾ?" ಎಂದು ಕೇಳಿದ್ದಳಂತೆ. ನಮ್ಮ ರೂಢಿಯನ್ನೆಲ್ಲ ಅಂಗಡಿಯವರು ಅವಳಿಗೆ ಹೇಳಿದ್ದರು. ಆದರೆ ಭಾನುವಾರ ಮನೆಬಿಟ್ಟು ಬರಲು ಅವಳಿಗೆ ಆಗುತ್ತಿರಲಿಲ್ಲ. ಪುಸ್ತಕಗಳೇ ಅವಳಿದ್ದಲ್ಲಿಗೆ ಹೋಗತೊಡಗಿದವು. ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, ಶೃಂಗೇರಿಯ ಮೇಲೆ ನೆಮ್ಮಾರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅವನು ಅಲ್ಲಿಯ ಹೋಟೆಲಿನಲ್ಲಿ ಇಳಿಸುವನು. ಅವಳ ಗಂಡ ಹಾಲು ಹಾಕಲು ಬಂದಾಗ ಒಯ್ಯುವನು. ಗಂಡನಿಗೆ ಎಲ್ಲ ಗೊತ್ತಿತ್ತು, ಮಾವನಿಗೆ ಗೊತ್ತಿರಲಿಲ್ಲ.

ಓದಿ ಹಿಂದಿರುಗಿಸುವಾಗ ಒಳಗೊಂದು ಚೀಟಿ ಇರುತ್ತಿತ್ತು. "ಗಂಡಸರು ಅಳುವುದು ಜಾಸ್ತಿಯಾಯಿತು. ಮೇಷ್ಟ್ರಿಗೆ ಹಿಡಿಸಬಹುದು" ಎಂದು ಒಮ್ಮೆ ಬರೆದಿದ್ದಳು. ಮೇಷ್ಟ್ರು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು.

ಕಟ್ಟಿನ ಮೇಲೆ ನಾವು ಹೆಸರು ಬರೆಯುತ್ತಿರಲಿಲ್ಲ. ಮದುವೆಯಾದ ಹೆಂಗಸಿನ ಹೆಸರಿಗೆ ಪರ ಗಂಡಸರಿಂದ ವಾರವಾರ ಕಟ್ಟು ಬಂದರೆ ಹೋಟೆಲಿನಲ್ಲಿ ಕೂತವರು ಸುಮ್ಮನಿರುತ್ತಾರೆಯೇ? ನಮ್ಮ ಹೆಸರೂ ಬೇಡ, ಅವಳದೂ ಬೇಡ ಎಂದಾಯಿತು. ಅದು ಯಾರ ಸಲಹೆ? ನನ್ನದಲ್ಲ ಎಂದು ನೆನಪು. ಆದರೆ ಹಾಗೆ ನೆನಪಿರುವುದರಿಂದ ನನಗೆ ಅನುಕೂಲವಿದೆ, ಆದ್ದರಿಂದ ಆ ನೆನಪಿನ ಮೇಲೆ ನನಗೆ ಅನುಮಾನ. ನಮ್ಮನ್ನು ನಾವು ಬಹಳ ಸೂಕ್ಷ್ಮ ಜನ ಎಂದುಕೊಂಡಿದ್ದೆವು ಎಂಬುದಂತೂ ನಿಜ.

ಆಗ ನಮ್ಮ ಕಡೆಯ ಕಾಡುಗಳಲ್ಲಿ ಬಂದೂಕು ಹಿಡಿದವರ ಓಡಾಟವಿದೆಯೆಂದು ಸುದ್ದಿ. ರಸ್ತೆಯಲ್ಲಿ ಪೊಲೀಸ್ ಜೀಪುಗಳು ಹೆಚ್ಚಿದ್ದವು. ಕಾಡಂಚಿನ ಮನೆಗಳವರು ಹೊಸಬರ ಜೊತೆ ಮಾತು ಕಡಿಮೆ ಮಾಡಿದ್ದರು. ಇದೆಲ್ಲ ಗೊತ್ತಿದ್ದೂ ನಮ್ಮ ಕಟ್ಟಿಗೂ ಅದಕ್ಕೂ ಸಂಬಂಧ ಬರಬಹುದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಅವಳು ಎರಡು ಭಾಗದ ದಪ್ಪ ಕಾದಂಬರಿಯೊಂದನ್ನು ಓದುತ್ತಿದ್ದಳು. ಮೊದಲ ಭಾಗ ಮುಗಿಯುತ್ತಿದ್ದಂತೆ, "ಎರಡನೆಯದು ತಡ ಮಾಡಬೇಡಿ, ಆ ಹುಡುಗಿಯನ್ನು ಹೊಳೆಯ ದಡದಲ್ಲಿ ನಿಲ್ಲಿಸಿ ಬಿಟ್ಟಿದ್ದಾರೆ" ಎಂದು ಗಂಡನ ಮೂಲಕ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದಳು. ನಾವು ಕೂಡಲೇ ಕಳಿಸಿದೆವು. ದಾರಿಯಲ್ಲಿ ಬಸ್ಸು ತಪಾಸಣೆಯಾಯಿತು. ಡ್ರೈವರ್ ಸೀಟಿನ ಹಿಂದೆ ಹೆಸರಿಲ್ಲದ ಕಟ್ಟು ಸಿಕ್ಕಿತು. ಕಂಡಕ್ಟರ್ ನಮ್ಮನ್ನು ಉಳಿಸಲೆಂದು, "ಸ್ಟ್ಯಾಂಡಿನಲ್ಲಿ ಯಾರೋ ಇಟ್ಟು ಹೋದ್ರು, ಹೋಟೆಲಿಗೆ ಕೊಡೋದು" ಎಂದನಂತೆ. ಹೋಟೆಲಿನವನು ಹೆದರಿ ಅವಳ ಮನೆ ತೋರಿಸಿದ.

ಜೀಪು ಅಂಗಳಕ್ಕೇ ಹೋಯಿತು. ಹೊಡೆಯಲಿಲ್ಲ, ಬೈಯಲಿಲ್ಲ, ಎಂದು ಆಮೇಲೆ ಕೇಳಿದೆವು. ಅಟ್ಟ, ಭತ್ತದ ಪತ್ತಾಯ, ಹಾಸಿಗೆ ಎಲ್ಲ ತೆಗೆದು ನೋಡಿ ಹೋದರು. ಅಷ್ಟು ಸಾಕಾಗಿತ್ತು. ಜೀಪು ನಿಂತದ್ದನ್ನು ಊರೆಲ್ಲ ನೋಡಿತ್ತು.

ಕೆಲವು ವಾರಗಳ ಮೇಲೆ ಅವಳೇ ಅಂಗಡಿಗೆ ಬಂದಳು. ಜೊತೆಗೆ ಗಂಡ. ಭಾನುವಾರವಾದ್ದರಿಂದ ನಾವು ಮೂವರೂ ಇದ್ದೆವು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಚೀಟಿಗಳಿಂದ ನಾನು ಊಹಿಸಿಕೊಂಡಿದ್ದಕ್ಕಿಂತ ಚಿಕ್ಕವಳು.

"ಕೂತ್ಕೊಳ್ಳಮ್ಮ," ಎಂದರು ಅಂಗಡಿಯವರು. ಅವಳು ಕೂರಲಿಲ್ಲ.

"ಯಾರು ಕಳಿಸೋದು ಅಂತ ಕೇಳಿದ್ರು ಅಣ್ಣ. ಗೊತ್ತಿಲ್ಲ ಅಂದೆ."

ಗಂಡ ಮುಂದುವರಿಸಿದ. "ಪೊಲೀಸ್ರಿಗೆ ಗೊತ್ತಿಲ್ಲ ಅಂದ್ರೆ ನಡೀತು ಮಾರಾಯ್ರೆ. ಮನೇಲಿ ಅಪ್ಪಯ್ಯಂಗೆ ಎಂತ ಹೇಳೋದು? ಹೆಸರಿಲ್ದೆ ಇರೋ ಕಟ್ಟು ತರಿಸ್ಕೊಳ್ಳೋ ಸೊಸೆ ಎಂಥವಳು ಅಂತ ಅವರು ಕೇಳೋದು. ನಿಮ್ಮ ಮೇಲೆ ಸಿಟ್ಟಿಲ್ಲ. ಇನ್ನು ಪುಸ್ತಕ ಕಳಿಸ್ಬೇಡಿ, ಅಷ್ಟೇ."

"ನಾವು ಅವರ ಒಳ್ಳೇದಕ್ಕೇ ಹೆಸರು ಬರೀಲಿಲ್ಲ," ಎಂದರು ಮೇಷ್ಟ್ರು.

"ಗೊತ್ತು ಮೇಷ್ಟ್ರೆ," ಎಂದಳು ಅವಳು. "ಬರ್ದಿದ್ರೆ ಎಂತ ಆಗ್ತಿತ್ತು? ಹೋಟ್ಲಲ್ಲಿ ನಾಲ್ಕು ಜನ ನಗ್ತಿದ್ರು. ನಾನು ನಗಿಸ್ಕೊಳ್ತಿದ್ದೆ. ನನ್ನನ್ನೊಂದು ಮಾತು ಕೇಳ್ಬಹುದಿತ್ತಲ್ಲ?"

ಚೀಲದಿಂದ ಮೊದಲ ಭಾಗದ ಕಟ್ಟನ್ನು ತೆಗೆದು ಗಲ್ಲಾದ ಮೇಲಿಟ್ಟಳು. ನೀಟಾಗಿ ಪೇಪರು ಸುತ್ತಿತ್ತು. ಅದರ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ತನ್ನ ಹೆಸರು, ಗಂಡನ ಹೆಸರು, ಮನೆ, ಊರು, ಅಂಚೆ ಎಲ್ಲವನ್ನೂ ಬರೆದಿದ್ದಳು.

ಹೊರಡುವಾಗ ಮೇಷ್ಟ್ರಿಗೆ ಏನು ತೋಚಿತೋ, ಅಭ್ಯಾಸಬಲದಿಂದಲೋ ಏನೋ, "ಈಗ ಎಂತ ಓದ್ತಾ ಇದೀರಿ?" ಎಂದುಬಿಟ್ಟರು.

"ಏನೂ ಇಲ್ಲ ಮೇಷ್ಟ್ರೆ. ಕಾಫಿ ನಾನೇ ತರಿಸ್ಬೇಕು," ಎಂದು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಆ ಹುಡುಗಿ ಹೊಳೆ ದಾಟಿದ್ಲಾ ಅಂತ ಮಾತ್ರ ಹೇಳ್ಬೇಡಿ. ಯಾವಾಗಾದ್ರೂ ಓದ್ತೇನೆ," ಎಂದಳು. ನನ್ನ ಕಡೆ ತಿರುಗಿದ್ದು ನಿಜವೇ? ಮೇಷ್ಟ್ರು ಬದುಕಿದ್ದಾಗ, ಅವಳು ಅದನ್ನು ತಮಗೆ ಹೇಳಿದ್ದು ಎನ್ನುತ್ತಿದ್ದರು.

ಎರಡನೆಯ ಭಾಗ ಸ್ಟೇಷನ್ನಿನಲ್ಲೇ ಉಳಿಯಿತು. ಹೋಗಿ, ಅದು ನಮ್ಮ ಪುಸ್ತಕ, ಕಳಿಸಿದ್ದು ನಾವು ಎಂದು ಹೇಳಿದ್ದರೆ ಬಹುಶಃ ಸಿಗುತ್ತಿತ್ತು. ಅವಳ ಮಾವನ ಬಾಯಿಯೂ ಮುಚ್ಚುತ್ತಿತ್ತು. ಮುಂದಿನ ಭಾನುವಾರ ಹೋಗೋಣ ಎಂದುಕೊಂಡೆವು. ಅಂಗಡಿಯವರಿಗೆ ಲೈಸೆನ್ಸಿನ ಚಿಂತೆ, ಮೇಷ್ಟ್ರಿಗೆ ಪೆನ್ಶನ್ನಿನದು, ನನಗೆ ಕೆಲಸ ಕಾಯಂ ಆಗುವ ಆಸೆ. ಆ ಭಾನುವಾರ ಬರಲೇ ಇಲ್ಲ. ಸ್ವಲ್ಪ ಕಾಲಕ್ಕೆ ನಮ್ಮ ಭಾನುವಾರಗಳೂ ನಿಂತವು.

ಅವಳು ಬಂದುಹೋದ ದಿನದ ಇನ್ನೊಂದು ಸಂಗತಿಯಿದೆ. ಗಂಡ ಹೆಂಡತಿ ಬಸ್ಸು ಹತ್ತಿದ ಮೇಲೆ ಅಂಗಡಿಯವರು ಕಟ್ಟಿನ ದಾರ ಬಿಚ್ಚಿದರು. ಪುಸ್ತಕವನ್ನು ಬೇರೆಯಿಟ್ಟು, ಹೆಸರು ಬರೆದ ಪೇಪರನ್ನು ಕೈಯಲ್ಲಿ ಹಿಡಿದು, "ಇದು ಇಲ್ಲಿ ಇರೋದು ಬೇಡ. ಯಾರಾದ್ರೂ ನೋಡಿದ್ರೆ ಪಾಪ ಅವಳಿಗೇ ತೊಂದ್ರೆ," ಎಂದರು. ಬೇಡ, ಇರಲಿ ಎಂದು ನಾನು ತಡೆದ ಹಾಗೆ ನೆನಪು. ಕಾಗದ ಹರಿದ ಸದ್ದೂ ನೆನಪಿದೆ.