ಎರವಲು ದನಿಯ ಪ್ರಾರ್ಥನೆ

ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಶುರುವಾಗುತ್ತಿದ್ದದ್ದು ಅಪ್ಪನ ಕೆಮ್ಮಿನಿಂದ. ಕಾಯಿಲೆಯ ಕೆಮ್ಮಲ್ಲ, ಗಾಬರಿಯಾಗಬೇಡಿ. ಗಂಟಲಿನ ಬಾಗಿಲು ತಟ್ಟಿ ಒಳಗೆ ದನಿ ಇದೆಯೇ ಎಂದು ವಿಚಾರಿಸಿಕೊಳ್ಳುವ ಎರಡು ಪುಟ್ಟ ಕೆಮ್ಮು, ಮೊದಲನೆಯದು ಗಿಡ್ಡ, ಎರಡನೆಯದು ಕೊಂಚ ಉದ್ದ. ಅದು ಕೇಳಿಸಿದೊಡನೆ ಅಮ್ಮ ಒಲೆ ಸಣ್ಣಗೆ ಮಾಡಿ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು, ನಾನು ಫೋನನ್ನು ದಿಂಬಿನಡಿಗೆ ತಳ್ಳುತ್ತಿದ್ದೆ. ಯಲಹಂಕದ ಪಕ್ಕದ ಸಿಂಗಾಪುರದ ಆ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ಪರಲೋಕಕ್ಕೆ ಲೈನು ಸಿಗುತ್ತಿದ್ದದ್ದು ಹೀಗೆ.

ನಾನಾದರೋ ದನಿ ಕದಿಯುವ ಆಸಾಮಿ. ನಮ್ಮ ಪಾಸ್ಟರು ಹಲ್ಲೆಲೂಯವನ್ನು ಯಲಹಂಕದಿಂದ ಹೆಬ್ಬಾಳದವರೆಗೆ ಎಳೆಯುವುದು, ಅಮ್ಮ ಸೊಪ್ಪಿನ ಗಾಡಿಯವನ ಮುಂದೆ ಒಮ್ಮೆ ಹೊರಟುಹೋದಂತೆ ನಟಿಸಿ ಮತ್ತೆ ತಿರುಗುವುದು, ಇಂಟರ್‌ವ್ಯೂ ಕೊಡುವಾಗ ನನ್ನದೇ ದನಿ ಟೈ ಕಟ್ಟಿಕೊಂಡು ಕೂರುವುದು, ಎಲ್ಲವೂ ನನ್ನ ಸರಕು. ಸಭೆಯ ಹುಡುಗರು ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದದ್ದು ನಮ್ಮ ಮನೆಯ ಓನರ್ ಮುನಿರಾಜಣ್ಣನ ಐಟಮ್ಮನ್ನು. ಕೆಳಗಿನ ಮನೆಯಲ್ಲಿ ವಾಸ, ಒಂದು ಕಾಲದಲ್ಲಿ ಇಲ್ಲೇ ರಾಗಿ ಬೆಳೆದ ಮನೆತನ, ಈಗ ಬಾಡಿಗೆದಾರರನ್ನು ಬೆಳೆಯುತ್ತಿದೆ. ಆದರೆ ಹಕಾರಕ್ಕೆ ಮಾತ್ರ ಅವರ ಬಾಯಲ್ಲಿ ಬಾಡಿಗೆಗೂ ಜಾಗವಿಲ್ಲ. ಆ ಐಟಮ್ಮಿನಲ್ಲಿ ತಮಾಷೆಗಿಂತ ಖಾರ ಹೆಚ್ಚಿತ್ತು, ಅದಕ್ಕೆ ಕಾರಣವೂ ಇತ್ತು.

ಅಪ್ಪ ತಮ್ಮ ಸ್ವರತಂತುವಿನ ಮೇಲೆ ಬೆಳೆದಿದ್ದ ಗಂಟೊಂದನ್ನು ತೆಗೆಸಿಕೊಂಡು ಆಸ್ಪತ್ರೆಯಿಂದ ಮರಳಿದ ದಿನದ ಮಾತಿದು. ಮಾತಾಡಕೂಡದು, ಪಿಸುಗುಟ್ಟಲೂ ಕೂಡದು, ದನಿ ಎಷ್ಟು ಮರಳುತ್ತದೋ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು. ಭಾನುವಾರಗಳಂದು ಇಡೀ ಸಭೆಯ ಹಾಡನ್ನು ಹೆಗಲ ಮೇಲೆ ಹೊತ್ತು ನಡೆಸುತ್ತಿದ್ದ ಮನುಷ್ಯ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಆಟೋದಿಂದ ಇಳಿದರೆ, ಗೇಟಿನಲ್ಲೇ ಮುನಿರಾಜಣ್ಣ.

"ಯಾರ್ರೀ ಮೋಟ್ರು ಆನ್ ಮಾಡಿದ್ದು? ಟ್ಯಾಂಕು ತುಂಬಿ ಅರೀತಾ ಐತೆ!"

ಹೇಗಿದ್ದೀರಿ ಎಂಬ ಒಂದು ಮಾತಿಲ್ಲ. ಅಪ್ಪ ಕೈಮುಗಿದು ನಕ್ಕರು. ನಾನು ಮನಸ್ಸಿನೊಳಗೆ ಅವರಿಗೆ ಒಂದು ಖಾತೆ ತೆರೆದು ದ್ವೇಷವನ್ನು ಜಮಾ ಮಾಡತೊಡಗಿದೆ.

ಆ ಸಂಜೆ ಕೆಮ್ಮು ಕೇಳಿಸಲಿಲ್ಲ. ಅಮ್ಮ ಒಲೆ ಸಣ್ಣಗೆ ಮಾಡಿ, ಅಪ್ಪನ ಮುಖ ನೋಡಿ, ಕೊನೆಗೆ ನನ್ನತ್ತ ತಿರುಗಿದಳು. "ಪ್ರವೀಣ, ನೀನೇ ಮಾಡೋ."

"ನಂಗ್ ಬರಲ್ಲಮ್ಮ."

"ಊರವರ ದನಿಯೆಲ್ಲ ಬರುತ್ತೆ, ಪ್ರಾರ್ಥನೆ ಬರಲ್ವಾ? ಅಪ್ಪನ ಥರಾನೇ ಮಾಡು, ಹೋಗ್ಲಿ."

ಸರಿ, ಎರಡು ಕೆಮ್ಮಿನಿಂದಲೇ ಶುರುಮಾಡಿದೆ. ಅಪ್ಪನ ಹೆಗಲು ಕುಲುಕಿತು, "ನಗಿಸ್ಬೇಡ್ವೋ, ಗಂಟಲಿಗೆ ಆಗಲ್ಲ!" ಎಂದು ಅಮ್ಮ ಗದರಿದಳು, ಗದರುತ್ತ ತಾನೂ ನಕ್ಕಳು. ಅಪ್ಪನ ಪ್ರಾರ್ಥನೆಗೆ ಬಸ್ಸಿನಂತೆ ಒಂದು ನಿಶ್ಚಿತ ಮಾರ್ಗ: ತಟ್ಟೆಯ ಅನ್ನಕ್ಕೆ ಸ್ತೋತ್ರ, ನೆಂಟರು, ಸಭೆ, ದೇಶವನ್ನಾಳುವವರು, ಕೊನೆಯ ನಿಲ್ದಾಣ ಮುನಿರಾಜಣ್ಣ. ಆ ನಿಲ್ದಾಣದಲ್ಲಿ ನಾನು ಗಾಡಿ ನಿಲ್ಲಿಸದೆ ನೇರ ಆಮೆನ್‌ಗೆ ಬಂದೆ. ಅಪ್ಪ ಒಂದು ಕಣ್ಣು ತೆರೆದು, ತೋರುಬೆರಳಿನಿಂದ ನೆಲವನ್ನು ತೋರಿಸಿದರು. ಕೆಳಗಿನ ಮನೆ. ವಿಧಿಯಿಲ್ಲದೆ ಗಾಡಿ ಹಿಂದಕ್ಕೆ ತೆಗೆದೆ: "ಕರ್ತನೇ, ಈ ಮನೆಯ ಯಜಮಾನರಾದ ಮುನಿರಾಜಣ್ಣನವರ ಮಂಡಿನೋವನ್ನು ಮುಟ್ಟಿ ಗುಣಮಾಡು, ಅವರ ಮನೆಯ ನೆಮ್ಮದಿಯನ್ನು ಕಾಪಾಡು."

ಹೇಳಿದ್ದು ಬಾಯಿ ಮಾತ್ರ. ಮನಸ್ಸು ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಮಾರನೆಯ ಸಂಜೆಯೂ ಅಷ್ಟೇ, ಅದರ ಮಾರನೆಯ ಸಂಜೆಯೂ ಅಷ್ಟೇ. ಅನುಕರಣೆಯಲ್ಲಿ ಒಂದು ಮರ್ಯಾದೆ ಇದೆ ನೋಡಿ, ಅಸಲಿನಲ್ಲಿ ಇರುವುದನ್ನು ನಕಲಿನಲ್ಲಿ ಬಿಡುವಂತಿಲ್ಲ. ಅಪ್ಪ ಅಲ್ಲಿ ಉಸಿರೆಳೆದರೆ ನಾನೂ ಎಳೆಯಬೇಕು, ಅಪ್ಪ ಅಲ್ಲಿ ಮೆತ್ತಗಾದರೆ ನಾನೂ ಮೆತ್ತಗಾಗಬೇಕು. ಮೆತ್ತಗಾಗದ ಮನಸ್ಸಿನಿಂದ ಮೆತ್ತಗಿನ ದನಿ ಹೊರಡಿಸುವುದು ಎಂಥ ಕಷ್ಟದ ಕೆಲಸವೆಂದು ನಿಮಗೆ ಹೇಗೆ ಹೇಳಲಿ! ಯಾವುದಾದರೂ ಒಂದು ಸೋಲಲೇಬೇಕು.

ಅಲ್ಲಿಯವರೆಗೆ ನನ್ನ ಪ್ರಕಾರ ಪ್ರಾರ್ಥನೆಯೆಂದರೆ ದೇವರ ಮುಂದೆ ನಡೆಸುವ ವಕೀಲಿಕೆ. ನಮ್ಮ ಕೇಸನ್ನು ಚೆನ್ನಾಗಿ ಮಂಡಿಸಿದರೆ ತೀರ್ಪು ನಮ್ಮ ಕಡೆ, ಮುನಿರಾಜಣ್ಣನಿಗೆ ದಂಡ. ನ್ಯಾಯಾಧೀಶರು ಸುಮ್ಮನೆ ಕೇಳುತ್ತ ಕುಳಿತು, ವಕೀಲನ ತಲೆಯನ್ನೇ ಒಳಗಿನಿಂದ ರಿಪೇರಿ ಮಾಡುತ್ತಿರುತ್ತಾರೆಂದು ಯಾರಿಗೆ ಗೊತ್ತಿತ್ತು? ನಾನು ಲೋಕದವರಿಗೆಲ್ಲ ಗಂಟಲನ್ನು ಬಿಟ್ಟುಕೊಟ್ಟವನು, ತಲೆಯನ್ನು ಮಾತ್ರ ಯಾರಿಗೂ ಕೊಟ್ಟವನಲ್ಲ. ದೇವರು ಅದನ್ನು ನನ್ನ ಒಪ್ಪಿಗೆಗೂ ಕಾಯದೆ, ಸಂಜೆಗೆ ಇಷ್ಟಿಷ್ಟರಂತೆ ತೆಗೆದುಕೊಂಡ.

ತೆಗೆದುಕೊಂಡದ್ದು ಗೊತ್ತಾದದ್ದು ಒಂದು ಬೆಳಿಗ್ಗೆ, ಮೆಟ್ಟಿಲ ಮೇಲೆ. ಜಕ್ಕೂರಿನ ಕಡೆಯಿಂದ ಪುಟ್ಟ ವಿಮಾನವೊಂದು ಗೊರಗುಟ್ಟುತ್ತ ಹೋಗುತ್ತಿತ್ತು. ಟ್ಯಾಂಕು ನೋಡಿ ಇಳಿಯುತ್ತಿದ್ದ ಮುನಿರಾಜಣ್ಣ ನನ್ನನ್ನು ಕಂಡದ್ದೇ ನೀರಿನ ಪಾಠ ಶುರುಮಾಡಿದರು. ಎಂದಿನಂತೆ ಐಟಮ್ಮಿಗೆ ಹೊಸ ಸರಕು ಸಿಕ್ಕಿತೆಂದು ನನ್ನ ಕಿವಿ ನಿಮಿರಬೇಕಿತ್ತು. ಬದಲಿಗೆ, ಪ್ರತಿ ಮೆಟ್ಟಿಲಿಗೂ ಅವರು ಗೋಡೆ ಹಿಡಿಯುವುದು ಕಣ್ಣಿಗೆ ಬಿತ್ತು.

"ಮಂಡಿ ಹೇಗಿದೆ ಅಣ್ಣ?" ಅಂದುಬಿಟ್ಟೆ.

ಅವರು ಅನುಮಾನದಿಂದ ನೋಡಿದರು. "ಯಾಕಪ್ಪಾ? ನೀರು ಜಾಸ್ತಿ ಬಿಡ್ಬೇಕಾ?"

"ಇಲ್ಲಣ್ಣ, ಸುಮ್ನೆ ಕೇಳ್ದೆ."

"ಇಂಗೆ ಸುಮ್ನೆ ಕೇಳ್ತಿದ್ದೋರು ನಿಮ್ಮಪ್ಪ ಒಬ್ರೇ ಕಣಪ್ಪ." ಮೆಟ್ಟಿಲ ಮೇಲೆಯೇ ಕುಳಿತರು. "ಎಂಗೈತೆ ಗಂಟ್ಲು?"

"ಬಂದು ನೋಡ್ಬೋದಿತ್ತಲ್ಲಣ್ಣ."

"ಬಂದು? ಎಂಗಿದೀರಾ ಸಾರ್ ಅಂತೀನಿ. ನಿಮ್ಮಪ್ಪ ಸುಮ್ಕಿರೋ ಮನ್ಸನಾ? 'ದೇವ್ರ ದಯೆ' ಅಂತ ಬಾಯ್ ಬಿಟ್ಬುಡ್ತಾರೆ. ಇರೋ ದನಿಗೂ ಏಟು ಬಿದ್ರೆ? ಅದಕ್ಕೇ ಅವತ್ತು ಗೇಟ್ ತಾವ ಬ್ಯಾರೆ ಏನೂ ತೋಚ್ದೆ ಮೋಟ್ರು ಇಸ್ಯ ಎತ್ತಿದ್ದು."

ಈ ಮಾತು ಕೇಳಿ ನನ್ನ ಮನಸ್ಸು ಬದಲಾಯಿತೆಂದರೆ ನಿಮಗೂ ನನಗೂ ಸುಲಭವಾಗುತ್ತಿತ್ತು. ಆದರೆ ಮಂಡಿಯ ವಿಚಾರಣೆ ಅದಕ್ಕಿಂತ ಮೊದಲೇ ಬಾಯಿಂದ ಹೊರಬಿದ್ದಿತ್ತಲ್ಲ! ಅವರು ಒಳ್ಳೆಯವರೆಂದು ತಿಳಿಯುವ ಮುಂಚೆಯೇ ಅವರ ನೋವು ನನಗೆ ಸೇರಿದ್ದಾಗಿತ್ತು. ಇದು ನನ್ನ ಕೈಚಳಕವಲ್ಲ. ನನ್ನ ಕೈಚಳಕವೆಲ್ಲ ನನಗೆ ಚೆನ್ನಾಗಿ ಗೊತ್ತು.

ಅಪ್ಪನಿಗೆ ಮಾತಾಡಲು ಅಪ್ಪಣೆ ಸಿಕ್ಕ ಸಂಜೆ ಅಮ್ಮ ಒಲೆಯನ್ನು ಪೂರ್ತಿಯೇ ಆರಿಸಿ ಬಂದು ಕುಳಿತಳು. ಎರಡು ಕೆಮ್ಮು ಬಂತು. ಅದರ ಹಿಂದೆ ಬಂದ ದನಿ ಮಾತ್ರ ಹಳೆಯದಲ್ಲ. ಮರಳುಕಾಗದದಂತೆ ಒರಟು, ಅರ್ಧ ಗಾಳಿ. ಹಾಡು ಇನ್ನು ಇಲ್ಲವೆಂದು ಮೂವರಿಗೂ ಅರ್ಥವಾಯಿತು. "ಸ್ತೋತ್ರ, ತಂದೆಯೇ," ಎಂದಷ್ಟೇ ಹೇಳಿ ಅಪ್ಪ ನಿಲ್ಲಿಸಿದರು.

"ಮುಂದಿನದು ನೀನು ಮಾಡು."

"ನಿಮ್ಮ ದನೀಲೇ ಮಾಡ್ಲಾ ಅಪ್ಪ?"

ಅಪ್ಪ ಬೇಡವೆಂದು ತಲೆಯಲ್ಲಾಡಿಸಿದರು. "ಮುನಿರಾಜಣ್ಣನಿಗೆ ಮಾಡ್ತಿದ್ಯಲ್ಲ, ಆ ದನಿ."

ಕದ್ದವನಿಗೇ ತಿಳಿಯದೆ ಎಲ್ಲೋ ಮಾಲು ಬದಲಾಗಿತ್ತು. ಮಾತಿಲ್ಲದ ಅಷ್ಟು ಸಂಜೆ ಅಪ್ಪ ಕಿವಿಯಾಗಿ ಕುಳಿತಿದ್ದರು. ಆ ಹೆಸರಿನ ಹತ್ತಿರ ಬಂದಾಗ ನಾನು ಅವರ ದನಿಯನ್ನು ಕಳಚಿಟ್ಟು ನಿಧಾನವಾಗುತ್ತಿದ್ದದ್ದು ನನಗಿಂತ ಮೊದಲು ಅವರಿಗೆ ಕೇಳಿಸಿತ್ತು.

ಕಣ್ಣು ಮುಚ್ಚಿದೆ. ಹೊರಟದ್ದು ತೆಳ್ಳಗಿನ, ಸ್ವಲ್ಪ ಮೂಗಿನಲ್ಲಿ ಸಿಕ್ಕಿಕೊಳ್ಳುವ ದನಿ. ಯಾರೂ ಇಂದಿಗೂ ಐಟಮ್ಮಾಗಿ ಕೇಳದ ನನ್ನದೇ ದನಿ. ಅನ್ನ, ನೆಂಟರು, ಸಭೆ, ದೇಶ ದಾಟಿ ಮಂಡಿನೋವಿನವರೆಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದಾಯಿತು: ಒಂದು ಹೆಜ್ಜೆ, ಗೋಡೆಗೆ ಕೈ, ಒಂದು ನಿಟ್ಟುಸಿರು, ಮತ್ತೊಂದು ಹೆಜ್ಜೆ. ಆಮೆನ್ ಅನ್ನದೆ ಕಾದೆ. ಬಾಗಿಲ ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡರು.